ಬಸ್ ತಪ್ಪಿಲ್ಲ, ಸುಮ್ನೆ ಓಡ್ತಿದ್ದೀನಿ

(ಮೈಸೂರಿನ ನಮ್ಮ ಬಡಾವಣೆಯ ವಾಚನಾಲಯದಲ್ಲಿ ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರು ತಮಗೆ ಗೊತ್ತಿರುವ ವಿಷಯದ ಬಗ್ಗೆ ಮಾತಾಡುತ್ತಾರೆ. ಈ ಸಲ ನನ್ನ ಸರದಿ ಇತ್ತು. ಅಂದು ಆಡಿದ ಮಾತುಗಳೇ ಇವು. ಕೆಲವು ಅಂಕಿಗಳು ಅಂದು ಬಾಯಿಗೆ ಬರಲಿಲ್ಲ, ಅವನ್ನು ಈಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಹೇಳಿಕೊಳ್ಳುವಂಥ ಓಟಗಾರ ಏನಲ್ಲ. ಶಾಲೆಯ ಸ್ಪೋರ್ಟ್ಸ್ ಡೇ ದಿನ ಡ್ರಮ್ಮಿನ ಪಕ್ಕ ನಿಂತು, ಓಡಿ ಬಂದವರಿಗೆ ನೀರು ಕೊಡುತ್ತಿದ್ದ ಹುಡುಗ ನಾನು. ಆಮೇಲೆ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಕುರ್ಚಿ ಸವೆಸಿದೆ. ಓಡಲು ಶುರು ಮಾಡಿದ್ದು 43ನೇ ವಯಸ್ಸಿನಲ್ಲಿ. ಈಗ 47. ಇವತ್ತಿಗೂ 10 ಕಿ.ಮೀ. ಮುಗಿಸಲು ನನಗೆ ಒಂದು ಗಂಟೆ ಹನ್ನೆರಡು ನಿಮಿಷ ಬೇಕು. ಇದನ್ನು ಕೇಳಿ ಹಿಂದಿನ ಸಾಲಿನ ಹುಡುಗರು ಎದ್ದು ಹೋಗಬಹುದು, ಬೇಜಾರಿಲ್ಲ.

ಮೊದಲ ದಿನ ಕುಕ್ಕರಹಳ್ಳಿ ಕೆರೆಗೆ ಹೋದೆ. ಬೆಳಿಗ್ಗೆ ಆರು ಗಂಟೆ. ಹೊಸ ಶೂ. ಏರಿ ಮೇಲೆ ಅರ್ಧ ಮೈಸೂರೇ ವಾಕಿಂಗ್ ಮಾಡುತ್ತಿತ್ತು. ಅದರಲ್ಲಿ ನಮ್ಮ ಬ್ಯಾಂಕಿನ ಗ್ರಾಹಕರು ಇಬ್ಬರು, ನಮ್ಮ ಮನೆಯವರ ಕಡೆಯ ದೂರದ ನೆಂಟರು ಒಬ್ಬರು. ಇಷ್ಟು ಜನರ ಎದುರು ಆಮೆ ಥರ ಓಡುವುದು ಹೇಗೆ? ಬಿಟ್ಟೆ ನೋಡಿ ಗಾಡಿ. ಎರಡು ನಿಮಿಷ ಓಡಿರಬೇಕು. ಎರಡೂವರೆಯೇ ಇರಲಿ. ಪಕ್ಕೆ ಹಿಡಿಯಿತು. ಬಾಯಿ ಒಣಗಿತು. ಎದೆ ಬಡಿತ ಕಿವಿಯಲ್ಲಿ ಕೇಳುತ್ತಿತ್ತು. ಒಂದು ಬೆಂಚು ಸಿಕ್ಕಿತು, ಕೂತುಬಿಟ್ಟೆ. ಸ್ವಲ್ಪ ಹೊತ್ತಿಗೆ, ನಾನು ಆಗಲೇ ಹಿಂದೆ ಹಾಕಿ ಬಂದಿದ್ದ ಒಬ್ಬ ಹಿರಿಯರು, ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ಮಡಚಿದ ಛತ್ರಿ, ನಿಧಾನಕ್ಕೆ ನಡೆದು ಬಂದು ನನ್ನ ಮುಂದೆ ನಿಂತರು.

"ಏನ್ ಸಾರ್, ಬಸ್ ತಪ್ಪೋಯ್ತಾ?" ಅಂದರು.

ಉತ್ತರ ಕೊಡಲು ನನ್ನ ಹತ್ತಿರ ಉಸಿರೇ ಇರಲಿಲ್ಲ.

ಆ ದಿನ ನನ್ನ ವೇಗ ಎಷ್ಟಿರಬೇಕು ಅಂತ ತೀರ್ಮಾನ ಮಾಡಿದ್ದು ನನ್ನ ಎದೆಯೂ ಅಲ್ಲ, ಕಾಲೂ ಅಲ್ಲ. ಆ ಇಬ್ಬರು ಗ್ರಾಹಕರು ಮತ್ತು ಆ ನೆಂಟರು. ಇವತ್ತು ನಾನು ಹೇಳಲು ಬಂದಿರುವುದು ಮುಖ್ಯವಾಗಿ ಇದನ್ನೇ. ಹೊಸದಾಗಿ ಓಡಲು ಶುರು ಮಾಡಿದವರು ಬೇಗ ಬಿಟ್ಟುಬಿಡುವುದಕ್ಕೆ ಸೋಮಾರಿತನ ಕಾರಣ ಅಂತ ಎಲ್ಲರೂ ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ನಾಚಿಕೆ ಕಾರಣ. ನಾಲ್ಕು ಜನ ನೋಡ್ತಾರೆ ಅಂತ ಜೋರಾಗಿ ಓಡುತ್ತೇವೆ. ಜೋರಾಗಿ ಓಡಿದರೆ ದೂರ ಹೋಗಲು ಆಗುವುದಿಲ್ಲ. ದೂರ ಹೋಗಲು ಆಗದಿದ್ದರೆ ಖುಷಿ ಇರುವುದಿಲ್ಲ. ಮೂರನೇ ವಾರಕ್ಕೆ ಶೂ ಮಂಚದ ಕೆಳಗೆ ಸೇರುತ್ತದೆ.

ಈಗ ಆ ನಾಲ್ಕು ಜನ ಫೋನಿನೊಳಗೂ ಇದ್ದಾರೆ. ಓಡಿದ್ದನ್ನು ದಾಖಲಿಸುವ ಆ್ಯಪುಗಳು ಗೊತ್ತಲ್ವಾ, ಸ್ಟ್ರಾವಾ ಥರದವು. ಒಂದು ಕಿ.ಮೀ.ಗೆ ಎಷ್ಟು ನಿಮಿಷ ತೆಗೆದುಕೊಂಡಿರಿ ಅಂತ ಊರಿಗೆಲ್ಲ ತೋರಿಸುತ್ತವೆ. ಅದಕ್ಕೆ ಪೇಸ್ ಅನ್ನುತ್ತಾರೆ. ನಮ್ಮ ಬ್ಯಾಂಕಿನ ಒಬ್ಬ ಹುಡುಗ ಸಿಗ್ನಲ್ಲಿನಲ್ಲಿ ನಿಂತರೂ ಗಡಿಯಾರ ನಿಲ್ಲಿಸುತ್ತಾನೆ, ಪೇಸ್ ಕೆಡಬಾರದು ಅಂತ. ನಾಯಿ ಅಟ್ಟಿಸಿಕೊಂಡು ಬಂದಾಗ ಮಾತ್ರ ನಿಲ್ಲಿಸುವುದಿಲ್ಲ.

ಸಂಖ್ಯೆಗಳ ಹುಚ್ಚು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಸಂಗ ಇದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ಕಣವನ್ನು, 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಕೂತು ಭಾಗಾಕಾರ ಮಾಡಿದರು. 100 ಮೀಟರಿಗೆ 9.55 ಸೆಕೆಂಡು ಬಂತು. ಉಸೇನ್ ಬೋಲ್ಟ್‌ನ ವಿಶ್ವದಾಖಲೆ 9.58. ದೇಶವೆಲ್ಲ ಕುಣಿಯಿತು. ದೆಹಲಿಯಿಂದಲೂ ಟ್ರಯಲ್ಸ್‌ಗೆ ಕರೆ ಬಂತು. ಕೆಸರಿನಲ್ಲಿ ಕೋಣದ ಜೊತೆ ಓಡುವುದೇ ಬೇರೆ, ಟ್ರ್ಯಾಕಿನಲ್ಲಿ ಒಬ್ಬರೇ ಓಡುವುದೇ ಬೇರೆ ಅಂತ ಆ ಗಲಾಟೆಯಲ್ಲಿ ಸರಿಯಾಗಿ ಗೊತ್ತಿದ್ದದ್ದು ಬಹುಶಃ ಗೌಡರಿಗೆ ಮಾತ್ರ. ಅವರು ಟ್ರಯಲ್ಸ್ ಬೇಡ ಅಂದರು. ನನಗೆ ಆ 9.55ಕ್ಕಿಂತ ಈ "ಬೇಡ" ಇಷ್ಟ.

ಸರಿ, ಹಾಗಾದರೆ ಎಷ್ಟು ನಿಧಾನ ಓಡಬೇಕು? ಎದೆ ಬಡಿತ ಅಳೆಯುವ ಗಡಿಯಾರ ಬೇಕಾಗಿಲ್ಲ. ನಾನು ಮಗ್ಗಿ ಹೇಳುತ್ತೇನೆ. ಓಡುತ್ತಾ ಓಡುತ್ತಾ ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು, ಹದಿಮೂರ್ಮೂರ್ಲ ಮೂವತ್ತೊಂಬತ್ತು. ಒಂದೊಂದು ಸಾಲನ್ನೂ ಮಧ್ಯೆ ಉಸಿರು ಎಳೆಯದೆ ಮುಗಿಸಲು ಆದರೆ ವೇಗ ಸರಿಯಾಗಿದೆ. "ಹದಿಮೂರು" ಆದ ಮೇಲೆ ತೇಕು ಬಂದರೆ ಜಾಸ್ತಿ ಆಯಿತು. ಹಾಡು ಹೇಳುವಷ್ಟು ಆರಾಮಾಗಿದ್ದರೆ ಸ್ವಲ್ಪ ಏರಿಸಬಹುದು. ಮಾತಾಡಲು ಆಗಬೇಕು, ಹಾಡಲು ಆಗಬಾರದು ಅಂತ ವ್ಯಾಯಾಮ ಹೇಳಿಕೊಡುವವರು ಹೇಳುವುದನ್ನೇ ನಾನು ಮಗ್ಗಿಗೆ ತಂದಿದ್ದೇನೆ, ಅಷ್ಟೇ. ಹದಿಮೂರರದ್ದೇ ಯಾಕೆ ಅಂದರೆ, ಎರಡರ ಮಗ್ಗಿ ಅಭ್ಯಾಸಬಲದಿಂದ ಬಾಯಿಗೆ ಬಂದುಬಿಡುತ್ತದೆ. ಹದಿಮೂರಕ್ಕೆ ತಲೆಗೂ ಸ್ವಲ್ಪ ರಕ್ತ ಬೇಕು.

ಈ ಲೆಕ್ಕದಲ್ಲಿ ಓಡಿದರೆ ನಿಮ್ಮ ವೇಗ ನೋಡಿ ನಿಮಗೇ ಅವಮಾನ ಆಗುತ್ತದೆ. ನನಗೆ ಶುರುವಿನಲ್ಲಿ ಒಂದು ಕಿ.ಮೀ.ಗೆ ಒಂಬತ್ತು ನಿಮಿಷ ಆಗುತ್ತಿತ್ತು. ಬೀಸಾಗಿ ನಡೆಯುವವರು ಹತ್ತು ನಿಮಿಷಕ್ಕೆ ಒಂದು ಕಿ.ಮೀ. ನಡೆಯುತ್ತಾರೆ. ಅಂದರೆ ನಾನು ಅವರಿಗಿಂತ ಒಂದೇ ನಿಮಿಷ ಮುಂದೆ. ಇದು ಓಟವಾ ಅಂತ ಕೇಳಿದರೆ, ಹೌದು, ಓಟವೇ. ಓಟಕ್ಕೂ ನಡಿಗೆಗೂ ಇರುವ ವ್ಯತ್ಯಾಸ ವೇಗದ್ದಲ್ಲ. ನಡೆಯುವಾಗ ಒಂದು ಪಾದ ಯಾವಾಗಲೂ ನೆಲದ ಮೇಲಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಒಂದು ಗಳಿಗೆ ಎರಡೂ ಪಾದ ಗಾಳಿಯಲ್ಲಿರುತ್ತವೆ. ನಡಿಗೆ ಸ್ಪರ್ಧೆಯಲ್ಲಿ ಹಾಗೆ ಕಾಲು ಎತ್ತಿದ್ದು ಕಂಡರೆ ತೀರ್ಪುಗಾರರು ಕಾರ್ಡ್ ಹಾಕುತ್ತಾರೆ. ನಿಮಗೂ ನೆಲಕ್ಕೂ ಮಧ್ಯೆ ಒಂದು ಇಂಚು ಗಾಳಿ ಬಂದರೆ ನೀವು ಓಟಗಾರರು.

ನಿಧಾನವಾಗಿ ಓಡುವ ಈ ಚಟ ಲೋಕಕ್ಕೆ ಹೇಗೆ ಹಬ್ಬಿತು ಅನ್ನುವ ಕಥೆ ಚೆನ್ನಾಗಿದೆ, ಸ್ವಲ್ಪ ಸಮಯ ಕೊಡಿ. ನ್ಯೂಜಿಲೆಂಡಿನಲ್ಲಿ ಆರ್ಥರ್ ಲಿಡಿಯಾರ್ಡ್ ಅಂತ ಒಬ್ಬರಿದ್ದರು. ಶೂ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ಬೆಳಗಿನ ಜಾವ ಮನೆಮನೆಗೆ ಹಾಲು ಹಾಕಿದವರು. ತನ್ನ ಮೇಲೇ ಪ್ರಯೋಗ ಮಾಡಿಕೊಂಡು ಓಟದ ತರಬೇತಿ ಕಲಿತರು. ಅವರು ಹೇಳಿದ್ದು ಮೊದಲು ದೂರ, ಆಮೇಲೆ ವೇಗ. ಬರೀ 800 ಮೀಟರ್ ಓಡುವ ಹುಡುಗನಿಗೂ ವಾರಕ್ಕೆ 160 ಕಿ.ಮೀ. ಓಡಿಸುತ್ತಿದ್ದರು. ಜನ ನಕ್ಕರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಹುಡುಗ ಪೀಟರ್ ಸ್ನೆಲ್ 800 ಮೀಟರ್‌ನಲ್ಲಿ ಚಿನ್ನ ಗೆದ್ದ. ಅದೇ ದಿನ ಅವರದೇ ಇನ್ನೊಬ್ಬ ಶಿಷ್ಯ ಮರ್ರಿ ಹಾಲ್ಬರ್ಗ್ 5,000 ಮೀಟರ್‌ನಲ್ಲಿ ಚಿನ್ನ ಗೆದ್ದ. ನಗು ನಿಂತಿತು.

ಇದೇ ಲಿಡಿಯಾರ್ಡ್ ಆಕ್ಲೆಂಡಿನಲ್ಲಿ ಹೃದಯದ ತೊಂದರೆ ಇದ್ದವರನ್ನೂ, ಹೊಟ್ಟೆ ಬಂದಿದ್ದ ವ್ಯಾಪಾರಸ್ಥರನ್ನೂ ಸೇರಿಸಿಕೊಂಡು ನಿಧಾನಕ್ಕೆ ಓಡಿಸತೊಡಗಿದರು. 1962ರ ಕೊನೆಯಲ್ಲಿ ಅಮೆರಿಕದ ಒರೆಗನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬೋವರ್ಮನ್ ತಮ್ಮ ಹುಡುಗರ ಜೊತೆ ಅಲ್ಲಿಗೆ ಹೋದರು. ದೊಡ್ಡ ಹೆಸರಿನ ಕೋಚ್, ಆಮೇಲೆ ನೈಕಿ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು. ಆಗ ಐವತ್ತರ ಆಸುಪಾಸಿನ ವಯಸ್ಸು. ಬನ್ನಿ, ನೀವೂ ಓಡಿ ಅಂತ ಲಿಡಿಯಾರ್ಡ್ ಕರೆದರು. ಓಟ ಕಲಿಸುವ ಮೇಷ್ಟ್ರಿಗೆ ಇದೇನು ಮಹಾ ಅಂತ ಬೋವರ್ಮನ್ ಹೊರಟರು. ಅರ್ಧ ಮೈಲಿಗೆ ಉಸಿರು ಸಾಲಲಿಲ್ಲ. ಗುಂಪು ಮುಂದೆ ಹೋಯಿತು. ಎಪ್ಪತ್ತು ದಾಟಿದ, ಹೃದಯಾಘಾತ ಕಂಡಿದ್ದ ಒಬ್ಬ ಮುದುಕರು ಹಿಂದೆ ಉಳಿದು ಇವರ ಜೊತೆಗೇ ಓಡಿದರು, ದಾರಿಯುದ್ದಕ್ಕೂ ಮಾತಾಡಿಸುತ್ತಾ. ಇವರಿಗೆ ಉತ್ತರ ಕೊಡಲು ಆಗಲಿಲ್ಲ. ನನ್ನ ಛತ್ರಿ ಹಿರಿಯರ ಕಥೆಯೇ, ಊರು ಬೇರೆ ಅಷ್ಟೇ. ಬೋವರ್ಮನ್ ಊರಿಗೆ ವಾಪಸ್ ಹೋಗಿ ತಮ್ಮ ಯೂಜೀನ್ ಪಟ್ಟಣದ ಜನರಿಗೆ ಜಾಗಿಂಗ್ ಕ್ಲಾಸ್ ಶುರು ಮಾಡಿದರು. ಅಮೆರಿಕದಲ್ಲಿ ಸಾಮಾನ್ಯ ಜನ ರಸ್ತೆಗೆ ಇಳಿದು ಓಡಲು ಕಲಿತದ್ದರಲ್ಲಿ ಆ ಕ್ಲಾಸಿನ ಪಾಲು ದೊಡ್ಡದು.

ಇನ್ನು ದೂರದ ವಿಷಯ. ಇದರಲ್ಲಿ ನಾನು ತಪ್ಪು ಮಾಡಿ ಕಲಿತದ್ದು ಜಾಸ್ತಿ.

ಶುರು ಮಾಡಿ ಮೂರು ತಿಂಗಳಿಗೆ ಉಸಿರು ಸುಧಾರಿಸಿತು. ಮೈ ಹಗುರ ಆಯಿತು. ಅಷ್ಟರಲ್ಲಿ ಆಫೀಸಿನಲ್ಲಿ ಯಾರೋ 21 ಕಿ.ಮೀ. ಓಟಕ್ಕೆ ಹೆಸರು ಕೊಡೋಣ ಅಂದರು. ನಾನೂ ಕೊಟ್ಟೆ. ವಾರಕ್ಕೆ 8 ಕಿ.ಮೀ. ಓಡುತ್ತಿದ್ದವನು ಒಂದೇ ತಿಂಗಳಲ್ಲಿ 22ಕ್ಕೆ ಏರಿಸಿದೆ. ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಒಳಬದಿಯಲ್ಲಿ ನೋವು ಶುರುವಾಯಿತು. ಮೊದಲು ಓಡುವಾಗ ಮಾತ್ರ. ಆಮೇಲೆ ಮೆಟ್ಟಿಲು ಇಳಿಯುವಾಗಲೂ. ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹುಡುಗಿ. ಕಾಗದದಲ್ಲಿ ಬರೆದುಕೊಳ್ಳುತ್ತಾ ಕೇಳಿದರು.

"ಹೋದ ತಿಂಗಳು ವಾರಕ್ಕೆ ಎಷ್ಟು ಓಡ್ತಿದ್ರಿ ಸಾರ್?"

"ಎಂಟು ಕಿ.ಮೀ."

"ಈಗ?"

"ಇಪ್ಪತ್ತೆರಡು."

ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಹೆಬ್ಬೆರಳಿನಿಂದ ಎಲುಬಿನ ಉದ್ದಕ್ಕೂ ಒತ್ತುತ್ತಾ ಹೋದರು. ಅಂಗೈಯಷ್ಟು ಉದ್ದದ ಜಾಗವೆಲ್ಲ ನೋಯುತ್ತಿತ್ತು. ಹರಡಿಕೊಂಡ ನೋವಾದರೆ ಸಾಮಾನ್ಯವಾಗಿ ವಿಶ್ರಾಂತಿ ಕೊಟ್ಟು ಸರಿ ಮಾಡಬಹುದು, ಬೆರಳ ತುದಿ ಇಟ್ಟು ಇಲ್ಲೇ ಅಂತ ತೋರಿಸುವ ಹಾಗೆ ಒಂದೇ ಕಡೆ ಚುಚ್ಚಿದರೆ ಎಲುಬು ಬಿರುಕು ಬಿಟ್ಟಿರಬಹುದು, ತಡಮಾಡದೆ ಡಾಕ್ಟರಿಗೆ ತೋರಿಸಬೇಕು ಅಂದರು. ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಆಗಿದ್ದೇನು ಅಂದರೆ, ಎದೆ ಮತ್ತು ಶ್ವಾಸಕೋಶ ಕೆಲವೇ ವಾರಗಳಲ್ಲಿ ಓಟಕ್ಕೆ ಹೊಂದಿಕೊಳ್ಳುತ್ತವೆ. ಎಲುಬು ಮತ್ತು ಎಲುಬಿಗೆ ಸ್ನಾಯುವನ್ನು ಕಟ್ಟುವ ನರದಂಥ ಹುರಿಗಳು ನಿಧಾನ. ಅವಕ್ಕೆ ತಿಂಗಳುಗಳೇ ಬೇಕು. ಮೂರನೇ ತಿಂಗಳಿಗೆ ಉಸಿರು "ಹೋಗೋಣ ನಡಿ" ಅನ್ನುತ್ತದೆ, ಎಲುಬು ಇನ್ನೂ ಸೊಂಟ ಕಟ್ಟಿರುವುದಿಲ್ಲ. ಹೊಸಬರಿಗೆ ಪೆಟ್ಟಾಗುವುದು ಈ ಸಂದಿಯಲ್ಲೇ. ನಾನು ಬ್ಯಾಂಕಿನವನು. ಸಂಬಳದ ಚೀಟಿ ನೋಡದೆ ಯಾರಿಗೂ ಸಾಲ ಕೊಟ್ಟವನಲ್ಲ. ನನ್ನ ಕಾಲಿನ ವಿಷಯಕ್ಕೆ ಬಂದಾಗ ಮಾತ್ರ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುವುದು ಮರೆತುಹೋಯಿತು. ಆರು ವಾರ ಓಟ ಬಂದ್. 21 ಕಿ.ಮೀ.ಗೆ ಕಟ್ಟಿದ ದುಡ್ಡೂ ಹೋಯಿತು.

ವಾರಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಡಿ ಅಂತ ಒಂದು ನಿಯಮ ಎಲ್ಲ ಕಡೆ ಓದುತ್ತೀರಿ. ಅದು ವೇದವಾಕ್ಯ ಏನಲ್ಲ. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ 500ಕ್ಕೂ ಹೆಚ್ಚು ಹೊಸ ಓಟಗಾರರ ಮೇಲೆ ಇದನ್ನು ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ 13 ವಾರ, ಶೇ. 10ರ ನಿಯಮದ ಹಾಗೆ ನಿಧಾನಕ್ಕೆ ಏರಿಕೆ. ಇನ್ನೊಂದಕ್ಕೆ 8 ವಾರದ ಮಾಮೂಲಿ ತರಬೇತಿ. ಎರಡರಲ್ಲೂ ಸುಮಾರು ಐದಕ್ಕೊಬ್ಬರಿಗೆ ಪೆಟ್ಟಾಯಿತು. ವ್ಯತ್ಯಾಸವೇ ಇಲ್ಲ. ಹಾಗಂತ ನನ್ನ ಹಾಗೆ ಎಂಟರಿಂದ ಇಪ್ಪತ್ತೆರಡಕ್ಕೆ ಹಾರಿ ಅಂತ ಇದರ ಅರ್ಥ ಅಲ್ಲ. ಕ್ಯಾಲ್ಕುಲೇಟರ್ ನಿಮ್ಮ ಕಾಲನ್ನು ಕಾಯುವುದಿಲ್ಲ ಅಂತ ಅಷ್ಟೇ. ನಾನು ಈಗ ಮೂರು ವಾರ ಸ್ವಲ್ಪ ಸ್ವಲ್ಪ ಏರಿಸುತ್ತೇನೆ, ನಾಲ್ಕನೇ ವಾರ ಇಳಿಸುತ್ತೇನೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹತ್ತು ಹೆಜ್ಜೆ ಹಾಕುವಾಗ ಹಿಮ್ಮಡಿ, ಮೀನಖಂಡ ಏನು ಹೇಳುತ್ತವೆ ಕೇಳುತ್ತೇನೆ. ಬಾತ್‌ರೂಮಿಗೆ ಕುಂಟುತ್ತಾ ಹೋದ ದಿನ ಓಡುವುದಿಲ್ಲ.

ಇನ್ನೊಂದು ಸಲಹೆ, ಮೊದಲ ಆರು ತಿಂಗಳು ಕಿ.ಮೀ. ಎಣಿಸಬೇಡಿ, ನಿಮಿಷ ಎಣಿಸಿ. "ಇವತ್ತು 5 ಕಿ.ಮೀ." ಅಂತ ಹೊರಟರೆ ಬೇಗ ಮುಗಿಸುವ ಆಸೆ ತಾನಾಗಿ ಬರುತ್ತದೆ. "ಇವತ್ತು 30 ನಿಮಿಷ" ಅಂತ ಹೊರಟರೆ ಜೋರಾಗಿ ಓಡಿ ಲಾಭ ಇಲ್ಲ. ಎಷ್ಟು ಓಡಿದರೂ ಮೂವತ್ತು ನಿಮಿಷ ಮೂವತ್ತೇ.

ನಡುವೆ ನಡೆದರೆ ಅದು ಸೋಲಲ್ಲ. 1996ರಲ್ಲಿ ಜಾಶ್ ಕ್ಲಾರ್ಕ್ ಅನ್ನುವ ಅಮೆರಿಕದ ಹುಡುಗ ಒಂದು ಪಟ್ಟಿ ಮಾಡಿದ. ಸೋಫಾದಿಂದ ಎದ್ದು 5 ಕಿ.ಮೀ. ಓಡುವ ತನಕ ಒಂಬತ್ತು ವಾರ, ವಾರಕ್ಕೆ ಮೂರು ದಿನ. ಮೊದಲ ವಾರ ಐದು ನಿಮಿಷ ನಡೆದು, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ಓಟಕ್ಕಿಂತ ನಡಿಗೆಯೇ ಜಾಸ್ತಿ, ನೋಡಿ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯವರೂ ಇದನ್ನೇ ಜನರಿಗೆ ಹೇಳಿಕೊಡುತ್ತಾರೆ. ಒಂಬತ್ತು ವಾರ ಸಾಲದಿದ್ದರೆ ಹದಿನೆಂಟು ಮಾಡಿಕೊಳ್ಳಿ, ಯಾರೂ ದಂಡ ಹಾಕುವುದಿಲ್ಲ.

ಇದನ್ನು ನಾನು ಪಾಲಿಸಲಿಲ್ಲ, ನಮ್ಮ ಮನೆಯವರು ಪಾಲಿಸಿದರು. ನಾನು ಶುರು ಮಾಡಿದ ಎರಡು ತಿಂಗಳಿಗೆ ಅವರೂ ಪಕ್ಕದ ರಸ್ತೆಯ ಇಬ್ಬರು ಗೆಳತಿಯರ ಜೊತೆ ಹೊರಟರು. ಹೆಂಗಸರಿಗೆ ನಾಲ್ಕು ಜನ ನೋಡುವ ಕಷ್ಟ ನಮಗಿಂತ ಜಾಸ್ತಿ. ನಮ್ಮನ್ನು ಬಸ್ ತಪ್ಪಿತಾ ಅಂತ ಕೇಳುತ್ತಾರೆ. ಅವರನ್ನು ಕೇಳುವ ಮಾತುಗಳು ಬೇರೆ, ನೋಡುವ ನೋಟವೇ ಬೇರೆ. ಬೈಕ್ ನಿಧಾನ ಮಾಡಿಕೊಂಡು ಪಕ್ಕದಲ್ಲೇ ಬಂದವನೂ ಇದ್ದಾನೆ. ಅದಕ್ಕೇ ಮೂವರು, ಅದಕ್ಕೇ ಬೆಳಕು ಹರಿದ ಮೇಲೆ. ಮೊದಲ ದಿನ ನಾನೂ ಜೊತೆಗೆ ಹೋಗಿ, ಗೊತ್ತಿರುವವನ ಗತ್ತಿನಲ್ಲಿ ಬೇಗ ಬೇಗ ಅಂದೆ.

"ರೀ, ನೀವು ಮುಂದೆ ಹೋಗಿ. ನಾವು ಮಾತಾಡ್ಕೊಂಡು ಬರ್ತೀವಿ" ಅಂದರು.

ನಿಜಕ್ಕೂ ಮಾತಾಡಿಕೊಂಡೇ ಬಂದರು. ಒಬ್ಬರ ಮಗಳ ಮದುವೆ, ಇನ್ನೊಬ್ಬರ ಮನೆಯ ಬೋರ್‌ವೆಲ್, ಯಾರದೋ ಅತ್ತೆ. ಅವರಿಗೆ ಮಗ್ಗಿ ಬೇಕಾಗಲಿಲ್ಲ. ಮಾತು ನಿಲ್ಲುವಷ್ಟು ಜೋರಾಗಿ ಅವರು ಒಂದು ದಿನವೂ ಓಡಲಿಲ್ಲ. ನಾನು ಕಾಲಿಗೆ ಐಸ್ ಇಟ್ಟುಕೊಂಡು ಸೋಫಾದಲ್ಲಿ ಕೂತಿದ್ದ ಆರು ವಾರದಲ್ಲೇ ಒಂದು ಭಾನುವಾರ, ಮೂವರೂ ಕೆರೆಯನ್ನು ಎಲ್ಲೂ ನಿಲ್ಲದೆ ಪೂರ್ತಿ ಒಂದು ಸುತ್ತು ಬಂದರು. ಮನೆಗೆ ಬಂದು ಹೇಳಿದ್ದು ಅದನ್ನಲ್ಲ. ಆ ಬೋರ್‌ವೆಲ್‌ಗೆ ನೀರು ಬಂತಂತೆ ಅಂದರು.

ಖುಷಿಯ ವಿಷಯಕ್ಕೆ ಬಂದೆ ಅನಿಸುತ್ತದೆ. ಖುಷಿಯನ್ನು ಅಳೆಯಲು ಆಗುವುದಿಲ್ಲ ಅಂತ ನಾನೂ ತಿಳಿದಿದ್ದೆ. ಕಾಲು ವಾಸಿ ಆದ ಮೇಲೆ, ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ ಬರೆಯತೊಡಗಿದೆ. ಒಂದು ಮನೆಯಲ್ಲಿ "2 ಪ್ಯಾಕೆಟ್", ಅದರ ಕೆಳಗೆ "28 ನಿ., ಚೆನ್ನಾಗಿತ್ತು". ಇನ್ನೊಂದರಲ್ಲಿ "ಮೊಸರು ಹೆಚ್ಚುವರಿ", ಕೆಳಗೆ "40 ನಿ., ಬೇಜಾರು". ನಿಮಿಷ ಮತ್ತು ಒಂದೇ ಒಂದು ಪದ. ವೇಗ ಬರೆಯಲಿಲ್ಲ. ಮೂರು ತಿಂಗಳ ಹಾಳೆ ತಿರುಗಿಸಿ ನೋಡಿದಾಗ ಬೇಜಾರಿನ ದಿನಗಳು ಹೆಚ್ಚುಕಡಿಮೆ ಎರಡೇ ಥರದವು. ಒಂದು, ಹಿಂದಿನ ರಾತ್ರಿ ನಿದ್ದೆ ಕೆಟ್ಟದ್ದು. ಇನ್ನೊಂದು, ಮನೆ ಬಿಡುವ ಮೊದಲೇ ಇವತ್ತು ಇಷ್ಟರೊಳಗೆ ಮುಗಿಸಬೇಕು ಅಂತ ಅಂದುಕೊಂಡು ಹೊರಟದ್ದು. ದೂರ ಜಾಸ್ತಿ ಆಗಿ ಬೇಜಾರಾದ ದಿನ ಹುಡುಕಿದರೂ ಒಂದೆರಡು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇರುವವರಿಗೆ ಬೇರೆ ಕಾರಣ ಸಿಗಬಹುದು. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಮೈ ತಣ್ಣಗಾಗುವುದಿಲ್ಲ, ಮೈಸೂರಿನಲ್ಲಿ ಆರಾಮಾಗಿ ಓಡಿದ ವೇಗಕ್ಕೇ ಅಲ್ಲಿ ಉಬ್ಬಸ ಬರುತ್ತದೆ. ಅದು ನಿಮ್ಮ ತಪ್ಪಲ್ಲ, ಹವೆಯದ್ದು.

ಒಂದು ಎಚ್ಚರಿಕೆ. ಮೊದಲ ಹತ್ತು ನಿಮಿಷದ ಬೇಜಾರನ್ನು ನಂಬಬೇಡಿ. ಮೈ ಬಿಸಿ ಏರುವ ತನಕ, ಸ್ನಾಯುಗಳು ಕೇಳುವಷ್ಟು ಆಮ್ಲಜನಕ ತಲುಪುವ ತನಕ ಎಲ್ಲರಿಗೂ ಕಷ್ಟವೇ. ನಾಲ್ಕು ವರ್ಷ ಆದರೂ ನನಗೆ ಪ್ರತಿ ದಿನ ಮೊದಲ ಹತ್ತು ನಿಮಿಷ "ಇದೆಲ್ಲ ಯಾಕೆ ಬೇಕಿತ್ತು" ಅನಿಸುತ್ತದೆ. ಆಮೇಲೆ ಏರಿಯ ತಿರುವಿನಲ್ಲಿ ಹೆಜ್ಜಾರ್ಲೆಗಳು ನೀರಿಗೆ ಇಳಿಯುವುದು ಕಾಣುತ್ತದೆ. ಆ ಭಾರದ ಹಕ್ಕಿ ಕಾಲು ಮುಂದೆ ಚಾಚಿ, ನೀರಿನ ಮೇಲೆ ಜಾರಿ, ನಿಲ್ಲುತ್ತದೆ. ಅದನ್ನು ನೋಡುವ ಹೊತ್ತಿಗೆ ಹತ್ತು ನಿಮಿಷ ಆಗಿರುತ್ತದೆ.

ಹಾಗಾದರೆ ವೇಗ ಬೇಡವೇ ಬೇಡವಾ ಅಂದರೆ, ಬೇಕು. ವೇಗ ಉಪ್ಪಿನಕಾಯಿ ಇದ್ದ ಹಾಗೆ. ಎಲೆ ತುದಿಯಲ್ಲಿರಬೇಕು, ಅದನ್ನೇ ಕಲಸಿಕೊಂಡು ಉಣ್ಣಲು ಆಗುವುದಿಲ್ಲ. ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ಅನ್ನುವ ಸಂಶೋಧಕರು ಜಗತ್ತಿನ ದೊಡ್ಡ ದೊಡ್ಡ ಓಟಗಾರರು, ದೋಣಿ ಹುಟ್ಟು ಹಾಕುವವರು, ಹಿಮದಲ್ಲಿ ಸ್ಕೀ ಮಾಡುವವರು ಹೇಗೆ ತರಬೇತಿ ಮಾಡುತ್ತಾರೆ ಅಂತ ಲೆಕ್ಕ ಹಾಕಿದರು. ಐದರಲ್ಲಿ ನಾಲ್ಕು ಸಲ ಅವರು ಆರಾಮಾಗಿ, ಮಾತಾಡಬಹುದಾದ ಮಟ್ಟದಲ್ಲೇ ಅಭ್ಯಾಸ ಮಾಡುತ್ತಾರೆ. ಒಂದು ಸಲ ಮಾತ್ರ ಮೈ ಮುರಿಯುತ್ತಾರೆ. ಒಲಿಂಪಿಕ್ಸ್‌ಗೆ ಹೋಗುವವರೇ ವಾರದಲ್ಲಿ ಒಂದೆರಡು ಸಲ ಉಪ್ಪಿನಕಾಯಿ ಮುಟ್ಟುವುದು. ನಾವು ಏಳೂ ದಿನ ಜಾಡಿ ಇಟ್ಟುಕೊಂಡು ಕೂರುತ್ತೇವೆ.

ಮೂರು ನಾಲ್ಕು ತಿಂಗಳು ಪೆಟ್ಟಿಲ್ಲದೆ ಓಡಿದ ಮೇಲೆ, ವಾರಕ್ಕೊಂದು ದಿನ, ಓಟದ ಕೊನೆಯಲ್ಲಿ ಇಪ್ಪತ್ತು ಸೆಕೆಂಡು ಜೋರಾಗಿ ಓಡಿ, ಪೂರ್ತಿ ಸುಧಾರಿಸಿಕೊಂಡು, ಮತ್ತೆ ಇಪ್ಪತ್ತು ಸೆಕೆಂಡು. ಹೀಗೆ ನಾಲ್ಕು ಸಲ. ಹಲ್ಲು ಕಚ್ಚಿ ಓಡುವುದು ಬೇಡ. ಚಿಕ್ಕವರಿದ್ದಾಗ ಮಳೆ ಬಂತು ಅಂತ ಮನೆಗೆ ಓಡುತ್ತಿದ್ದೆವಲ್ಲ, ಹಾಗೆ. ಅದರಲ್ಲಿ ಬೇರೆಯೇ ಒಂದು ಮಜಾ ಇದೆ. ಆ ತಿಂಗಳು ದೂರ ಏರಿಸಬೇಡಿ. ದೂರ ಏರಿಸುವ ತಿಂಗಳು ಜೋರು ಓಟ ಬಿಟ್ಟುಬಿಡಿ. ಎರಡಕ್ಕೂ ಒಟ್ಟಿಗೆ ಕೈ ಹಾಕಿದವನು ಫಿಸಿಯೋ ಮುಂದೆ ಹೋಗಿ ಕೂರುತ್ತಾನೆ, ನನ್ನ ಹಾಗೆ.

ಓಟದ ಸ್ಪರ್ಧೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ವರ್ಷಕ್ಕೆ 10 ಕಿ.ಮೀ. ಧಾರಾಳ ಸಾಕು ಅನ್ನುವುದು ನನ್ನ ಅಭಿಪ್ರಾಯ, ಒಪ್ಪದವರು ಬಹಳ ಜನ ಇದ್ದಾರೆ. ಬೆಂಗಳೂರಿನಲ್ಲಿ 2008ರಿಂದ ನಡೆಯುವ 10 ಕಿ.ಮೀ. ಓಟದಲ್ಲಿ ದೊಡ್ಡ ದೊಡ್ಡ ಓಟಗಾರರು ವಿದೇಶದಿಂದ ಬರುತ್ತಾರೆ. ಅದರ ಜೊತೆಗೇ ಮಜಾ ರನ್ ಅಂತ ಒಂದು ಚಿಕ್ಕ ಓಟವೂ ಇದೆ. ಮುಖಕ್ಕೆ ಬಣ್ಣ ಬಳಿದುಕೊಂಡವರು, ವೇಷ ಹಾಕಿದವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು. ಮೊದಲ ಸಲ ಹೋಗುವವರು ಅದಕ್ಕೆ ಹೋಗಿ ನೋಡಿ. ಸಾವಿರಾರು ಜನ ನೋಡುತ್ತಿರುತ್ತಾರೆ, ಯಾರಿಗೂ ನಾಚಿಕೆ ಇರುವುದಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ಶೂ ಯಾವುದು ತೆಗೆದುಕೊಳ್ಳಬೇಕು ಅಂತ ಒಬ್ಬ ಹುಡುಗ ಕೇಳಿದ. ಹಾಕಿಕೊಂಡ ತಕ್ಷಣ ಆರಾಮ ಅನಿಸುವುದು, ಹೆಬ್ಬೆರಳ ಮುಂದೆ ಸ್ವಲ್ಪ ಜಾಗ ಇರುವುದು. ಸಂಜೆ ಹೊತ್ತು ಅಂಗಡಿಗೆ ಹೋಗಿ, ಪಾದ ಆಗ ಸ್ವಲ್ಪ ಊದಿರುತ್ತದೆ ಅಂದೆ. ಇನ್ನೂ ಹೆಸರು ಹೇಳಿ ಅಂದ. ಹೇಳಲಿಲ್ಲ.

ನಿವೃತ್ತ ಮೇಷ್ಟ್ರೊಬ್ಬರು, "ನನಗೆ 62, ಬಿಪಿ ಇದೆ, ಓಡಬಹುದೇ?" ಅಂದರು. ಅದಕ್ಕೆ ಉತ್ತರ ಕೊಡಬೇಕಾದದ್ದು ನಿಮ್ಮ ಡಾಕ್ಟರು, ನಾನಲ್ಲ ಅಂದೆ. ಅವರು ಹೂಂ ಅಂದ ಮೇಲೂ ಮೊದಲು ಎರಡು ತಿಂಗಳು ಬರೀ ನಡೆಯಿರಿ. ಎದೆ ಹಿಡಿದ ಹಾಗೆ ಆದರೆ, ತಲೆ ಸುತ್ತಿದರೆ, ಅಲ್ಲೇ ನಿಲ್ಲಿಸಿ. ಇದರಲ್ಲಿ ಮಾತ್ರ ತಮಾಷೆ ಬೇಡ.

ಕೊನೆಗೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕೇಳಿದರು. "ಅದೆಲ್ಲ ಸರಿನಪ್ಪಾ, ನಾಯಿ ಅಟ್ಟಿಸ್ಕೊಂಡು ಬಂದ್ರೆ?"

ಎಲ್ಲರೂ ನಕ್ಕರು. ಇಡೀ ಭಾಷಣದಲ್ಲಿ ಎಲ್ಲರಿಗೂ ಬೇಕಾಗಿದ್ದ ಪ್ರಶ್ನೆ ಅದೇ. ಓಡಬೇಡಿ ಅಂದೆ. ಓಡುವುದನ್ನು ನೋಡಿಯೇ ಅದು ಅಟ್ಟಿಸಿಕೊಂಡು ಬರುವುದು. ನಿಲ್ಲಿ, ಅದರ ಕಣ್ಣು ದಿಟ್ಟಿಸಬೇಡಿ, ಬೆನ್ನು ಹಾಕದೆ ನಿಧಾನಕ್ಕೆ ನಡೆದು ಅದರ ಬೀದಿ ದಾಟಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಇಂಜೆಕ್ಷನ್ ತೆಗೆದುಕೊಳ್ಳಿ.

ಆ ಛತ್ರಿಯ ಹಿರಿಯರು ಈಗ ನನಗೆ ಚೆನ್ನಾಗಿ ಪರಿಚಯ. ಮಳೆ ಇಲ್ಲದ ದಿನವೂ ಛತ್ರಿ ಯಾಕೆ ಅಂತ ಒಂದು ಸಲ ಕೇಳಿದೆ. ನಾಯಿಗೆ ಅಂದರು. ಪಟ್ಟನೆ ಬಿಚ್ಚಿದರೆ ಸಾಕಂತೆ, ಹೆದರಿ ಓಡುತ್ತದಂತೆ. ನಾನೂ ಮಾರನೆಯ ದಿನ ಛತ್ರಿ ಹಿಡಿದುಕೊಂಡು ಕೆರೆ ಸುತ್ತ ಓಡಿದೆ. ನಾಯಿ ಒಂದೂ ಬರಲಿಲ್ಲ. ಜನ ಎಲ್ಲರೂ ನಿಂತು ನೋಡಿದರು.